ಇಂಟರ್‌ಕೂಲರ್ ಬಿಸಿ ತಡೀತಾ ಇದೆಯಾ? ಘಾಟಿ ರಸ್ತೆಯಲ್ಲಿ ನೀವೇ ಅಳೆದು ನೋಡುವ ಕ್ರಮ

ಸಂಪಾಜೆ ಘಾಟಿ ಹತ್ತಿ ಬರುತ್ತಾರೆ. ಮಡಿಕೇರಿಯಲ್ಲಿ ಗಾಡಿ ನಿಲ್ಲಿಸಿ ಕಾಫಿ ಕುಡಿಯುತ್ತಾರೆ. ಆಮೇಲೆ ಕೀ ತಿರುಗಿಸಿ ಮೊಬೈಲ್ ನೋಡುತ್ತಾರೆ. ‘ಇಂಟೇಕ್ ಏರ್ 68 ಡಿಗ್ರಿ’ ಅಂತ ಇರುತ್ತದೆ. ಅದರ ಸ್ಕ್ರೀನ್‌ಶಾಟ್ ನನಗೆ ಬರುತ್ತದೆ, ಜೊತೆಗೆ ಅದೇ ಪ್ರಶ್ನೆ: ‘ಇಂಟರ್‌ಕೂಲರ್ ಹೋಗಿದೆ ಅಲ್ವಾ?’ ಇಂಟರ್‌ಕೂಲರ್ ಅಂದರೆ ಟರ್ಬೋ ಒತ್ತಿ ಕಳಿಸಿದ ಬಿಸಿ ಗಾಳಿಯನ್ನು ಇಂಜಿನ್‌ಗೆ ಹೋಗುವ ಮೊದಲು ತಣಿಸುವ ಭಾಗ.

ಆ ಸಂಖ್ಯೆ ನೋಡಿ ಯಾರೂ ಉತ್ತರ ಹೇಳಲಾರರು. ನಿಂತ ಗಾಡಿಯಲ್ಲಿ ಗಾಳಿ ಓಡಾಡುವುದಿಲ್ಲ. ಬಾನೆಟ್ ಒಳಗಿನ ಬಿಸಿಗೆ ಸೆನ್ಸರೇ ಕಾದು ಕೂತಿರುತ್ತದೆ. ಷೋರೂಮಿನಿಂದ ನಿನ್ನೆ ತಂದ ಗಾಡಿಯಲ್ಲೂ ಆ ಹೊತ್ತಿಗೆ 60 ದಾಟಬಹುದು.

ಅಳೆಯಬೇಕಾದದ್ದು ಎರಡು. ಇಂಜಿನ್ ಮೇಲೆ ಭಾರ ಇರುವಾಗ, ಆ ಕ್ಷಣದ ಹೊರಗಾಳಿಗಿಂತ ಇಂಜಿನ್‌ಗೆ ಹೋಗುವ ಗಾಳಿ ಎಷ್ಟು ಡಿಗ್ರಿ ಮೇಲಿದೆ ಅನ್ನುವುದು ಒಂದು. ಭಾರ ತೆಗೆದ ಮೇಲೆ ಅದು ಎಷ್ಟು ಬೇಗ ಇಳಿಯುತ್ತದೆ ಅನ್ನುವುದು ಇನ್ನೊಂದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸೀದಾ ಆರನೇ ಹಂತಕ್ಕೆ ಹಾರಿದವರೇ ಮತ್ತೆ ಮತ್ತೆ ಫೋನ್ ಮಾಡುವವರು.

ನಮ್ಮ ಎತ್ತರದ ಲೆಕ್ಕ ಬೇರೆ

ಟರ್ಬೋ ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಮುಟ್ಟಿದವರಿಗೆ ಇದು ಗೊತ್ತು. ಬಿಸಿ ಗಾಳಿ ತೆಳು. ಸುಮಾರು 3 ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ನೂರಕ್ಕೆ ಒಂದರಷ್ಟು ಇಳಿಯುತ್ತದೆ. ಹಾಗಾಗಿ 30 ಡಿಗ್ರಿ ಜಾಸ್ತಿ ಅಂದರೆ ನೂರಕ್ಕೆ ಹತ್ತರ ಹತ್ತಿರ ನಷ್ಟ. ಪೆಟ್ರೋಲ್ ಇಂಜಿನ್ ಆದರೆ ‘ಟಕ ಟಕ’ ಬಡಿತ ತಪ್ಪಿಸಲು ಕಂಪ್ಯೂಟರ್ ಇಗ್ನಿಷನ್ ಹಿಂದಕ್ಕೆ ಎಳೆಯುತ್ತದೆ, ಗಾಡಿ ಇನ್ನೂ ಮಂಕಾಗುತ್ತದೆ.

ಮಂಗಳೂರಿನಲ್ಲಿ ವಾತಾವರಣದ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಮಡಿಕೇರಿಯಲ್ಲಿ 88ರ ಆಸುಪಾಸು. ಇಂಜಿನ್‌ಗೆ 200 ಕಿಲೋಪ್ಯಾಸ್ಕಲ್ ಬೇಕು ಅಂತ ಇಟ್ಟುಕೊಳ್ಳಿ. ಮಂಗಳೂರಿನಲ್ಲಿ ಟರ್ಬೋ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕು, ಮಡಿಕೇರಿಯಲ್ಲಿ ಎರಡೂಕಾಲು ಪಟ್ಟಿಗಿಂತ ತುಸು ಮೇಲೆ ಒತ್ತಬೇಕು. ಟರ್ಬೋದ ದಕ್ಷತೆ 70 ಪರ್ಸೆಂಟ್ ಅಂತ ಹಿಡಿದು ಲೆಕ್ಕ ಹಾಕಿದೆ. ಮಂಗಳೂರಿನ 30 ಡಿಗ್ರಿ ಗಾಳಿ ಟರ್ಬೋದಿಂದ ಹೊರಬರುವಾಗ ಸುಮಾರು 125 ಡಿಗ್ರಿ. ಮಡಿಕೇರಿಯ 24 ಡಿಗ್ರಿ ಗಾಳಿ ಸುಮಾರು 136. ಹೊರಗೆ ತಂಪು, ಪೈಪಿನ ಒಳಗೆ ಜಾಸ್ತಿ ಬಿಸಿ! ಸಾಲದ್ದಕ್ಕೆ ಇಂಟರ್‌ಕೂಲರ್ ಮೇಲೆ ಬೀಸುವ ಗಾಳಿಯೂ ಇಲ್ಲಿ ಹತ್ತಕ್ಕೊಂದು ಪಾಲು ತೆಳು. ‘ಕೊಡಗು ತಂಪು, ಇಂಟರ್‌ಕೂಲರ್‌ಗೆ ಏನು ಕಷ್ಟ’ ಅನ್ನುವ ಮಾತು ಅರ್ಧ ಮಾತ್ರ ನಿಜ.

ಬೇಕಾಗುವ ಸಾಮಾನು

ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್, ಅಂದರೆ ಗಾಡಿಯ ಕಂಪ್ಯೂಟರಿನ ರೀಡಿಂಗ್‌ಗಳನ್ನು ಮೊಬೈಲ್‌ಗೆ ತರುವ ಸಾಧನ. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚುವುದು. ರೀಡಿಂಗ್‌ಗಳನ್ನು ಸಮಯದ ಜೊತೆ ಫೈಲ್ ಆಗಿ ಉಳಿಸುವ ಆ್ಯಪ್ ಇರಬೇಕು. ಬರೀ ಮುಳ್ಳು ಕುಣಿಸುವ ಆ್ಯಪ್ ಬೇಡ.

ಒಂದು ಡಿಜಿಟಲ್ ಥರ್ಮಾಮೀಟರ್, ತಂತಿ ಇರುವ ಪ್ರೋಬ್‌ನದ್ದು. ಹೊರಗಾಳಿಯನ್ನು ಇದರಲ್ಲೇ ಅಳೆಯಬೇಕು. ಸಾಧ್ಯವಾದರೆ ಎರಡು ಚಾನೆಲ್‌ನ ಕೆ-ಟೈಪ್ ಥರ್ಮೋಕಪಲ್ ಮೀಟರ್ (ತಂತಿಯ ತುದಿಯಿಂದ ಬಿಸಿ ಅಳೆಯುವ, ಒಟ್ಟಿಗೆ ಎರಡು ಕಡೆ ಓದುವ ಮೀಟರ್) ತಗೊಳ್ಳಿ, ಎಂಟನೇ ಹಂತಕ್ಕೆ ಬೇಕಾಗುತ್ತದೆ.

ಟಾರ್ಚ್, ಸೋಪು ನೀರಿನ ಸ್ಪ್ರೇ ಬಾಟಲಿ, ಹೋಸ್ ಕ್ಲಿಪ್ ಬಿಗಿಯಲು ಸ್ಕ್ರೂಡ್ರೈವರ್ ಮತ್ತು ಬಾಕ್ಸ್ ಸ್ಪ್ಯಾನರ್, ಮೆತ್ತನೆ ಬ್ರಷ್, ಒಂದು ನೋಟ್‌ಬುಕ್ಕು. ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದ ಸೀಟಿಗೆ ಇನ್ನೊಬ್ಬರು. ಘಾಟಿಯಲ್ಲಿ ಓಡಿಸುವವರು ಮೊಬೈಲ್ ನೋಡುವಂತಿಲ್ಲ, ಇದರಲ್ಲಿ ರಾಜಿ ಇಲ್ಲ.

ಗನ್ ಥರ್ಮಾಮೀಟರ್ ಇದೆ, ಅದೇ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಸುಳ್ಳು ಹೇಳುತ್ತದೆ, 90 ಡಿಗ್ರಿ ಪೈಪನ್ನು 45 ಅಂತ ತೋರಿಸಿದರೂ ಆಶ್ಚರ್ಯವಿಲ್ಲ. ಬಳಸಲೇಬೇಕಾದರೆ ಪೈಪಿನ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಆ ಟೇಪಿಗೆ ಗುರಿ ಇಡಿ. ಆಗಲೂ ಸಿಗುವುದು ಪೈಪಿನ ಬಿಸಿ, ಗಾಳಿಯದ್ದಲ್ಲ.

ಹಂತ 1: ಯಾವ ಸೆನ್ಸರ್ ಓದುತ್ತಿದ್ದೀರಿ?

ಅರ್ಧಕ್ಕರ್ಧ ಜನ ಎಡವುವುದು ಇಲ್ಲೇ. ಗಾಳಿಯ ಬಿಸಿ ಅಳೆಯುವ ಸೆನ್ಸರ್ ಮೂರು ಕಡೆ ಇರಬಹುದು.

ಏರ್ ಫಿಲ್ಟರ್ ಪಕ್ಕ, ಟರ್ಬೋಗಿಂತ ಮೊದಲು ಇದ್ದರೆ ಅದು ಹೊರಗಾಳಿಯನ್ನಷ್ಟೇ ಹೇಳುತ್ತದೆ. ಇಂಟರ್‌ಕೂಲರ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಎಷ್ಟೇ ತುಳಿದರೂ ಸಂಖ್ಯೆ ಹೊರಗಿನ ಬಿಸಿಗೆ ಹತ್ತಿರವೇ ಇದ್ದರೆ, ‘ನನ್ನ ಇಂಟರ್‌ಕೂಲರ್ ಸೂಪರ್’ ಅಂದುಕೊಳ್ಳಬೇಡಿ. ನೀವು ಓದುತ್ತಿರುವುದು ಇದನ್ನೇ ಇರಬೇಕು.

ಇಂಟರ್‌ಕೂಲರ್ ಆದ ಮೇಲಿನ ಪೈಪಿನಲ್ಲೋ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪು) ಬಾಯಲ್ಲೋ ಇದ್ದರೆ, ನಮಗೆ ಬೇಕಾದದ್ದು ಅದೇ. ಒತ್ತಡ ಮತ್ತು ಬಿಸಿ ಎರಡನ್ನೂ ಅಳೆಯುವ ಒಂದೇ ಸೆನ್ಸರ್ ಇಲ್ಲಿ ಇರುವುದು ಸಾಮಾನ್ಯ.

ಮೂರನೆಯದು ಡೀಸೆಲ್ ಗಾಡಿಗಳ ತಕರಾರು. ಕೆಲವು ಇಂಜಿನ್‌ಗಳಲ್ಲಿ ಸೆನ್ಸರ್, ಇಜಿಆರ್ (ಎಕ್ಸಾಸ್ಟ್ ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಇಂಜಿನ್‌ಗೇ ಕಳಿಸುವ ವ್ಯವಸ್ಥೆ) ಹೊಗೆ ಬಂದು ಸೇರುವ ಜಾಗದ ನಂತರ ಇರುತ್ತದೆ. ನಿಧಾನಕ್ಕೆ ಹೋಗುವಾಗ ಇಜಿಆರ್ ತೆರೆದಿರುತ್ತದೆ, ಬಿಸಿ ಹೊಗೆ ಬೆರೆಯುತ್ತದೆ, ಸಂಖ್ಯೆ ಏರುತ್ತದೆ. ಇದರಲ್ಲಿ ಇಂಟರ್‌ಕೂಲರ್‌ನ ತಪ್ಪೇನೂ ಇಲ್ಲ. ಜೋರಾಗಿ ತುಳಿದಾಗ ಇಜಿಆರ್ ಮುಚ್ಚಿಕೊಳ್ಳುತ್ತದೆ. ತುಳಿದಾಗ ಬಿಸಿ ಇಳಿದು, ಬಿಟ್ಟಾಗ ಏರುತ್ತಿದ್ದರೆ ನಿಮ್ಮದು ಇದೇ ಕೇಸು. ಆಗ ಪೂರ್ತಿ ಭಾರದ ರೀಡಿಂಗ್ ಮಾತ್ರ ನಂಬಿ.

ಆ್ಯಪ್‌ನಲ್ಲಿ ಸಿಗುವುದನ್ನೆಲ್ಲ ಟಿಕ್ ಮಾಡಬೇಡಿ. ಅಗ್ಗದ ಅಡಾಪ್ಟರ್ ಒಂದೊಂದಾಗಿ ಕೇಳಿ ತರುತ್ತದೆ. ಇಪ್ಪತ್ತು ಕೇಳಿದರೆ ಪ್ರತಿಯೊಂದೂ ನಾಲ್ಕೈದು ಸೆಕೆಂಡ್ ತಡವಾಗಿ ಬರುತ್ತದೆ, ಗ್ರಾಫ್ ಮೆಟ್ಟಿಲು ಮೆಟ್ಟಿಲಾಗುತ್ತದೆ. ಆರು ಸಾಕು: ಇಂಟೇಕ್ ಗಾಳಿಯ ಬಿಸಿ, ಮ್ಯಾನಿಫೋಲ್ಡ್ ಒತ್ತಡ, ವಾತಾವರಣದ ಒತ್ತಡ, ಕೂಲಂಟ್ ಬಿಸಿ, ಆರ್‌ಪಿಎಂ, ಇಂಜಿನ್ ಲೋಡ್.

ಹಂತ 2: ಬೆಳಗ್ಗೆ, ಗಾಡಿ ತಣ್ಣಗಿರುವಾಗ ತಾಳೆ ನೋಡಿ

ರಾತ್ರಿಯಿಡೀ ನಿಂತ ಗಾಡಿ. ಸ್ಟಾರ್ಟ್ ಮಾಡಬೇಡಿ, ಇಗ್ನಿಷನ್ ಮಾತ್ರ ಆನ್ ಮಾಡಿ. ಈಗ ಇಂಟೇಕ್ ಬಿಸಿ, ಕೂಲಂಟ್ ಬಿಸಿ, ನಿಮ್ಮ ಥರ್ಮಾಮೀಟರ್ ಮೂರೂ ಎರಡು ಮೂರು ಡಿಗ್ರಿಯೊಳಗೆ ಒಂದೇ ಹೇಳಬೇಕು. ಒಂದು ಸೆನ್ಸರ್ ಮಾತ್ರ 8–10 ಡಿಗ್ರಿ ಆಚೆ ಈಚೆ ಇದ್ದರೆ ಮೊದಲು ಅದನ್ನು ಸರಿಮಾಡಿ. ಕೆಟ್ಟ ತಕ್ಕಡಿಯಲ್ಲಿ ಕಾಫಿ ತೂಗಿ ಏನು ಪ್ರಯೋಜನ?

ಒತ್ತಡವನ್ನೂ ನೋಡಿ. ಇಂಜಿನ್ ನಿಂತಿರುವಾಗ ಮ್ಯಾನಿಫೋಲ್ಡ್ ಒತ್ತಡ ಮತ್ತು ವಾತಾವರಣದ ಒತ್ತಡ ಒಂದೇ ಇರಬೇಕು. ಮಡಿಕೇರಿಯಲ್ಲಿ 88ರ ಹತ್ತಿರ, ಕುಶಾಲನಗರದಲ್ಲಿ 91–92. ಮಡಿಕೇರಿಯಲ್ಲಿ ನಿಂತು 101 ತೋರಿಸಿದರೆ ಆ ಸೆನ್ಸರ್ ಮೇಲೆ ಅನುಮಾನ ಪಡಿ.

ಇನ್ನೊಂದು ಎಡವಟ್ಟು. ಕೆಲವು ಆ್ಯಪ್‌ಗಳು ಬೂಸ್ಟ್ (ವಾತಾವರಣಕ್ಕಿಂತ ಟರ್ಬೋ ಎಷ್ಟು ಹೆಚ್ಚು ಒತ್ತುತ್ತಿದೆ ಅನ್ನುವುದು) ಲೆಕ್ಕ ಹಾಕುವಾಗ ಎಲ್ಲ ಊರೂ ಸಮುದ್ರದ ದಡದಲ್ಲಿದೆ ಅಂದುಕೊಂಡು 101 ಕಳೆಯುತ್ತವೆ. ಮಡಿಕೇರಿಯಲ್ಲಿ ಹಾಗೆ ಮಾಡಿದರೆ ಬೂಸ್ಟ್ ಸುಮಾರು 2 ಪಿಎಸ್‌ಐ (13 ಕಿಲೋಪ್ಯಾಸ್ಕಲ್) ಕಮ್ಮಿ ಕಾಣುತ್ತದೆ. ಇದನ್ನು ನೋಡಿ ಟರ್ಬೋ ಬಿಚ್ಚಿಸಿದವರೂ ಇದ್ದಾರೆ. ನೀವೇ ಕಳೆಯಿರಿ: ಮ್ಯಾನಿಫೋಲ್ಡ್ ಒತ್ತಡದಿಂದ ಆ ಜಾಗದ ವಾತಾವರಣದ ಒತ್ತಡ.

ಹಂತ 3: ಕಣ್ಣಿನ ಪರೀಕ್ಷೆ

ಟಾರ್ಚ್ ಹಿಡಿದು ಗ್ರಿಲ್ ಒಳಗೆ, ಬಂಪರ್ ಕೆಳಗೆ ನೋಡಿ. ನಮ್ಮ ಕಡೆ ಗಾಡಿಗಳಲ್ಲಿ ಸಿಗುವ ಕಸಕ್ಕೂ ಒಂದು ಕ್ಯಾಲೆಂಡರ್ ಇದೆ. ಮಳೆಗಾಲದಲ್ಲಿ ಕೆಸರು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ರಸ್ತೆಯ ಕೆಂಪು ಧೂಳು. ವರ್ಷಪೂರ್ತಿ ಹುಳ, ಪತಂಗ, ಹುಲ್ಲಿನ ಬೀಜ. ಒಮ್ಮೆ ತೋಟದ ಪಿಕಪ್ ಒಂದರ ಇಂಟರ್‌ಕೂಲರ್ ಬಿಚ್ಚಿದಾಗ ಮುಂದಿನಿಂದ ಚೆನ್ನಾಗೇ ಕಂಡಿತ್ತು. ಹಿಂದಿನಿಂದ ಟಾರ್ಚ್ ಬಿಟ್ಟರೆ ಕೆಳಗಿನ ಅರ್ಧದಲ್ಲಿ ಒಂದು ಕಿರಣವೂ ಈಚೆ ಬರಲಿಲ್ಲ. ಫಿನ್‌ಗಳ (ಬಿಸಿ ಬಿಟ್ಟುಕೊಡುವ ತೆಳು ಲೋಹದ ಪಟ್ಟಿಗಳು) ನಡುವೆ ಕೆಸರು ಇಟ್ಟಿಗೆಯಂತೆ ಒಣಗಿತ್ತು. ಅದರಲ್ಲಿ ಒಂದು ಚಿಟ್ಟೆಯ ರೆಕ್ಕೆ, ಬಣ್ಣ ಮಾಸದೆ ಹಾಗೇ ನಿಂತಿತ್ತು. ಅದಕ್ಕಿಂತ ಮೊದಲು ಬೇರೆ ಒಂದು ಗ್ಯಾರೇಜಿನಲ್ಲಿ ‘ಟರ್ಬೋ ಹೋಗಿದೆ, ಬದಲಾಯಿಸಿ’ ಅಂದಿದ್ದರಂತೆ.

ಬಂಪರ್ ಒಮ್ಮೆ ಬಿಚ್ಚಿ ಹಾಕಿದ ಗಾಡಿಯಾದರೆ ಇನ್ನೊಂದು ಜಾಗ ನೋಡಿ. ಇಂಟರ್‌ಕೂಲರ್ ಸುತ್ತ ಪ್ಲಾಸ್ಟಿಕ್ ಹಲಗೆ, ಸ್ಪಂಜು, ರಬ್ಬರ್ ಪಟ್ಟಿ ಇರುತ್ತವೆ. ಗಾಳಿ ಪಕ್ಕದಿಂದ ತಪ್ಪಿಸಿಕೊಳ್ಳದೆ ಫಿನ್‌ಗಳ ಒಳಗೇ ಹೋಗಲಿ ಅಂತ ಅವನ್ನು ಇಟ್ಟಿರುತ್ತಾರೆ. ಬಂಪರ್ ಕೂರಿಸುವಾಗ ಇವು ಗ್ಯಾರೇಜಿನ ಮೂಲೆಯಲ್ಲೇ ಉಳಿದುಬಿಡುತ್ತವೆ. ಗ್ರಿಲ್ ಮುಂದೆ ಕಟ್ಟಿದ ಎಕ್ಸ್‌ಟ್ರಾ ಲೈಟು, ದೊಡ್ಡ ಬೋರ್ಡು ಕೂಡ ಗಾಳಿಗೆ ಅಡ್ಡ. ಬಾನೆಟ್ ಮೇಲೆ ಸ್ಕೂಪ್ ಇದ್ದು, ಇಂಟರ್‌ಕೂಲರ್ ಇಂಜಿನ್ ಮೇಲೆ ಕೂತ ಗಾಡಿಯಾದರೆ ಸ್ಕೂಪ್‌ನಲ್ಲಿ ಎಲೆ ತುಂಬಿದೆಯಾ ನೋಡಿ. ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸುವವರಿಗೆ ಇದು ಹೊಸತಲ್ಲ.

ಕೆಳಗಿನ ಹೋಸ್ ಬಿಚ್ಚಿದಾಗ ಒಳಗೆ ತೆಳುವಾಗಿ ಎಣ್ಣೆ ಸವರಿದ ಹಾಗಿದ್ದರೆ ಸಾಮಾನ್ಯ. ಲೋಟ ಬಗ್ಗಿಸಿದಂತೆ ಎಣ್ಣೆ ಸುರಿದರೆ ಪರೀಕ್ಷೆ ಇಲ್ಲಿಗೇ ನಿಲ್ಲಿಸಿ. ಟರ್ಬೋದ ಸೀಲ್ ಅಥವಾ ಬ್ರೀದರ್ (ಇಂಜಿನ್ ಒಳಗಿನ ಆವಿ ಹೊರಬಿಡುವ ಪೈಪು) ಕಡೆ ತೊಂದರೆ ಇದೆ. ಡೀಸೆಲ್ ಇಂಜಿನ್ ಆ ಎಣ್ಣೆಯನ್ನೇ ಎಳೆದು ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಓಡಿದರೆ ಇಂಜಿನ್ನೇ ಹೋಗುತ್ತದೆ.

ಹಂತ 4: ಸೋರಿಕೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಹೋಸ್ ಸೋರುತ್ತಿದ್ದರೆ ಬೇಕಾದ ಒತ್ತಡ ತಲುಪಲು ಟರ್ಬೋ ಇನ್ನೂ ಜೋರಾಗಿ ತಿರುಗುತ್ತದೆ, ಗಾಳಿ ಇನ್ನೂ ಬಿಸಿಯಾಗುತ್ತದೆ. ಬೈಸಿಕೊಳ್ಳುವುದು ಮಾತ್ರ ಇಂಟರ್‌ಕೂಲರ್.

ಸುಲಭದ ದಾರಿ: ಇಂಜಿನ್ ತಣ್ಣಗಿರುವಾಗ ಪ್ರತಿ ಹೋಸನ್ನೂ ಕೈಯಿಂದ ಹಿಸುಕಿ, ತಿರುಚಿ ನೋಡಿ. ಬಿರುಕು, ಇಲಿ ಕಡಿದ ಗುರುತು, ಕ್ಲಿಪ್ ಹತ್ತಿರ ಎಣ್ಣೆಗೆ ಧೂಳು ಹತ್ತಿದ ಕಪ್ಪು ಕಲೆ ಇವೆಯಾ ಗಮನಿಸಿ. ಕಲೆ ಇದ್ದ ಕಡೆ ಗಾಳಿ ಹೊರಬರುತ್ತಿದೆ ಅಂತಲೇ ಅರ್ಥ.

ಸರಿಯಾದ ದಾರಿ: ಟರ್ಬೋದ ಬಾಯಿಗೆ ವಾಲ್ವ್ ಇರುವ ಮುಚ್ಚಳ ಹಾಕಿ ಗಾಳಿ ತುಂಬಿ ಸೋಪು ನೀರು ಚಿಮುಕಿಸುವುದು. ಇದನ್ನು ಗ್ಯಾರೇಜಿನಲ್ಲೇ ಮಾಡಿಸಿ ಅನ್ನುವುದು ನನ್ನ ಸಲಹೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ 100 ಪಿಎಸ್‌ಐ ಮೇಲೆ ಇರುತ್ತದೆ. ಮಧ್ಯೆ ರೆಗ್ಯುಲೇಟರ್ ಇಲ್ಲದೆ ಬಿಟ್ಟರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. 5 ಪಿಎಸ್‌ಐನಿಂದ ಶುರುಮಾಡಿ 10–12ಕ್ಕೆ ನಿಲ್ಲಿಸಬೇಕು. ಬ್ರೀದರ್ ಪೈಪನ್ನು ಮೊದಲೇ ಬೇರ್ಪಡಿಸಿ ಅದರ ತೂತು ಮುಚ್ಚಬೇಕು. ಇಲ್ಲದಿದ್ದರೆ ಗಾಳಿ ಇಂಜಿನ್‌ನ ಹೊಟ್ಟೆಗೆ ಹೋಗಿ ಆಯಿಲ್ ಸೀಲ್‌ಗಳನ್ನು ತಳ್ಳುತ್ತದೆ.

ಹಂತ 5: ರಸ್ತೆ, ಹೊತ್ತು, ಹೊರೆ

ಏರು ಉದ್ದ ಇರಬೇಕು, ಭಾರ ಬಿಡದೆ ಬೀಳಬೇಕು. ಕುಶಾಲನಗರದಿಂದ ಸುಂಟಿಕೊಪ್ಪ ಮಾರ್ಗವಾಗಿ ಮಡಿಕೇರಿಗೆ ಬರುವ ಏರು ಈ ಕೆಲಸಕ್ಕೆ ಸಪ್ಪೆ. ಭಾಗಮಂಡಲದಿಂದ ತಲಕಾವೇರಿಗೆ ಹೋಗುವ ಏರು ಚೆನ್ನಾಗಿದೆ, ಆದರೆ ಚಿಕ್ಕದು. ತುಲಾ ಸಂಕ್ರಮಣದ ದಿನಗಳಲ್ಲಿ ಆ ಕಡೆ ತಲೆ ಹಾಕಬೇಡಿ. ತಿತಿಮತಿ, ಆನೆಚೌಕೂರು ಕಡೆಯವರು ಕಾಡಿನ ರಸ್ತೆಯಲ್ಲಿ ಮೀಟರ್ ಹಿಡಿದುಕೊಂಡು ಇಳಿದು ನಿಲ್ಲುವ ಸಾಹಸ ಬಿಡಿ, ಆನೆಗೆ ನಿಮ್ಮ ಗ್ರಾಫ್ ಬೇಕಾಗಿಲ್ಲ.

ನನ್ನ ಆಯ್ಕೆ ಸಂಪಾಜೆಯಿಂದ ಮಡಿಕೇರಿ. ಮೂವತ್ತು ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ ದೂರ, ಸಾವಿರ ಮೀಟರ್ ಹತ್ತಿರದ ಏರು. ಮಳೆ, ಮಂಜು ಇಲ್ಲದ ದಿನ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದದ್ದು ಯಾರೂ ಮರೆತಿಲ್ಲ. ಅದೂ ಅಲ್ಲದೆ ಒದ್ದೆ ಗಾಳಿ, ಚಿಮ್ಮುವ ನೀರು ಇಂಟರ್‌ಕೂಲರ್ ಅನ್ನು ಹೊರಗಿಂದ ತಣಿಸಿ ರೀಡಿಂಗ್ ಚೆಂದ ಮಾಡಿಬಿಡುತ್ತವೆ. ಬೆಳಗ್ಗೆ ಬೇಗ, ಬಸ್ಸು ಲಾರಿ ಸೇರುವ ಮೊದಲು ಹೊರಡಿ.

ಗಾಡಿಯಲ್ಲಿ ಎಷ್ಟು ಜನ, ಏನು ಸಾಮಾನು, ಏಸಿ ಆನ್ ಇತ್ತಾ ಇಲ್ವಾ, ಎಲ್ಲ ಬರೆದಿಡಿ. ಮೊದಲ ಸಲ ಏಸಿ ಆಫ್. ಏಸಿಯ ಕಂಡೆನ್ಸರ್ ಕೂಡ ಅದೇ ಮುಂಭಾಗದಲ್ಲಿರುತ್ತದೆ, ಅದರ ಬಿಸಿ ಇಂಟರ್‌ಕೂಲರ್‌ಗೆ ತಾಗುವುದು ಹೆಚ್ಚು. ಬಿಎಸ್6 ಡೀಸೆಲ್ ಆದರೆ ಡಿಪಿಎಫ್ ರೀಜನರೇಷನ್ (ಎಕ್ಸಾಸ್ಟ್ ಫಿಲ್ಟರಿನಲ್ಲಿ ಕೂತ ಮಸಿಯನ್ನು ಗಾಡಿ ತಾನೇ ಸುಡುವುದು) ನಡೆಯುತ್ತಿಲ್ಲ ಅಂತ ನೋಡಿ. ಫ್ಯಾನ್ ಸುಮ್ಸುಮ್ನೆ ಜೋರಾಗಿ ಓಡುತ್ತಿದ್ದರೆ, ಐಡಲ್ ಏರಿದ್ದರೆ, ಆ ದಿನದ ಪರೀಕ್ಷೆ ಬಿಟ್ಟುಬಿಡಿ.

ಇವು ಕಂಡರೆ ಅಲ್ಲಿಗೇ ನಿಲ್ಲಿಸಿ

ಕೂಲಂಟ್ 110ರ ಹತ್ತಿರ ಬಂದರೆ. ಪೆಟ್ರೋಲ್ ಗಾಡಿಯಲ್ಲಿ ಗಾಜಿನ ಗೋಲಿ ಅಲ್ಲಾಡಿಸಿದಂಥ ಸದ್ದು ಬಂದರೆ. ಚೆಕ್ ಇಂಜಿನ್ ದೀಪ ಮಿನುಗಿದರೆ. ಎಳೆತ ದಿಢೀರ್ ಸತ್ತು ಗಾಡಿ ಮೂರು ಸಾವಿರ ಆರ್‌ಪಿಎಂ ದಾಟದೆ ಮೊಂಡು ಹಿಡಿದರೆ. ಹಿಂದಿನಿಂದ ಕಪ್ಪು ಇಲ್ಲವೇ ನೀಲಿ ಹೊಗೆ ಬಂದರೆ. ‘ಸುಯ್’ ಅಂತ ಹೊಸ ಸಿಳ್ಳೆ ಕೇಳಿದರೆ. ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ಹಾಕಿ. ‘ಇನ್ನೊಂದು ತಿರುವು, ಅಷ್ಟೇ’ ಅಂತ ಎಳೆಯಬೇಡಿ.

ಹಂತ 6: ಏರಿನ ಪರೀಕ್ಷೆ

ಮಡಿಕೇರಿಯಿಂದ ಇಳಿಯುವಾಗ ಗೇರ್‌ನಲ್ಲೇ ಇಳಿಯಿರಿ. ಬ್ರೇಕ್ ಸುಟ್ಟ ವಾಸನೆ ಬರಿಸಬೇಡಿ. ಈ ಇಳಿತದಲ್ಲಿ ಟರ್ಬೋಗೆ ಕೆಲಸವಿಲ್ಲ, ಇಂಟರ್‌ಕೂಲರ್ ತಾನಾಗಿ ತಣ್ಣಗಾಗುತ್ತದೆ. ಸಂಪಾಜೆ ದಾಟಿ ಕಲ್ಲುಗುಂಡಿ ಕಡೆ ಸ್ವಲ್ಪ ಹೋಗಿ, ಇಂಜಿನ್ ಆರಿಸದೆ ತಿರುಗಿಸಿ. ಟೀ ಕುಡಿಯಲು ನಿಲ್ಲಿಸಿದಿರೋ, ಬಾನೆಟ್ ಒಳಗೆ ಬಿಸಿ ಕಟ್ಟಿಕೊಳ್ಳುತ್ತದೆ, ಮತ್ತೆ ಐದಾರು ಕಿಲೋಮೀಟರ್ ಓಡಿಸಿ ಅದನ್ನು ಕಳೆಯಬೇಕು.

ಸಮತಟ್ಟಿನಲ್ಲಿ ಎರಡು ಮೂರು ಕಿಲೋಮೀಟರ್ 50ರ ವೇಗದಲ್ಲಿ ಒಂದೇ ಸಮ ಬನ್ನಿ. ಪಕ್ಕದಲ್ಲಿರುವವರು ಇಂಟೇಕ್ ಬಿಸಿ ಮತ್ತು ಹೊರಗಾಳಿ ಬರೆದುಕೊಳ್ಳಲಿ. ಇದು ನಿಮ್ಮ ಆರಂಭದ ಗೆರೆ. ಗಾಳಿಯಿಂದ ತಣಿಯುವ ಇಂಟರ್‌ಕೂಲರ್ ಆದರೆ ಈ ವ್ಯತ್ಯಾಸ 10–15 ಡಿಗ್ರಿ ಒಳಗಿರಬೇಕು. ಇಲ್ಲೇ 25 ಇದ್ದರೆ ಮೇಲೆ ಹತ್ತುವ ಮೊದಲೇ ಉತ್ತರ ಸಿಕ್ಕಿದಂತೆ.

ಕೊಯನಾಡು ದಾಟಿ ಏರು ಶುರುವಾದಾಗ ಲಾಗ್ ಆನ್ ಮಾಡಿ. ಮೂರನೇ ಗೇರ್, 40–45 ವೇಗ. ಆಟೋಮ್ಯಾಟಿಕ್ ಆದರೆ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಗೇರ್ ಹಿಡಿದಿಡಿ. ತಿರುವಿನಲ್ಲಿ ಭಾರ ಬಿಟ್ಟೇ ಬಿಡುತ್ತದೆ, ಪರವಾಗಿಲ್ಲ. ಕಡೇಪಕ್ಷ ಮೂರು ನಾಲ್ಕು ನಿಮಿಷ ಹೆಚ್ಚುಕಮ್ಮಿ ಬಿಡದೆ ಎಳೆದ ಒಂದು ತುಂಡು ಸಿಕ್ಕರೆ ಸಾಕು. ಇದು ರೇಸ್ ಅಲ್ಲ. ಹಿಂದೆ ಗಾಡಿ ಬಂದರೆ ದಾರಿ ಬಿಡಿ, ಆ ತುಂಡನ್ನು ಲೆಕ್ಕದಿಂದ ತೆಗೆಯಿರಿ.

ತುಂಬಾ ಮುಖ್ಯವಾದ ಮಾತು: ಹೊರಗಾಳಿಯನ್ನು ಸಂಪಾಜೆಯಲ್ಲಿ ಒಮ್ಮೆ ಬರೆದುಕೊಂಡು ಕೈ ಬಿಡಬೇಡಿ. ಸಾವಿರ ಮೀಟರ್ ಏರಿದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಕೆಳಗಿನ 31 ಡಿಗ್ರಿಯನ್ನೇ ಮದೆನಾಡಿನಲ್ಲೂ ಹಿಡಿದರೆ ಇಂಟರ್‌ಕೂಲರ್ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಥರ್ಮಾಮೀಟರ್ ಪ್ರೋಬನ್ನು ಪಕ್ಕದ ಕನ್ನಡಿಯ ನೆರಳಿಗೆ ಕಟ್ಟಿ, ಪ್ರತಿ ಎರಡು ಮೂರು ನಿಮಿಷಕ್ಕೆ ಸಮಯದ ಜೊತೆ ಬರೆಸಿ. ಡ್ಯಾಷ್‌ಬೋರ್ಡ್ ತೋರಿಸುವ ಹೊರಗಿನ ಬಿಸಿಯನ್ನು ನಂಬಬೇಡಿ. ಅದರ ಸೆನ್ಸರ್ ಬಂಪರ್‌ನಲ್ಲಿದ್ದರೆ, ಮುಂದಿನ ಲಾರಿಯ ಬಿಸಿಯನ್ನೂ ಸೇರಿಸಿ ಹೇಳುತ್ತದೆ.

ನಾನು ಇಟ್ಟುಕೊಂಡಿರುವ ಗೆರೆ ಹೀಗೆ. ಬಿಡದ ಏರಿನಲ್ಲಿ ಹೊರಗಾಳಿಗಿಂತ 20–30 ಡಿಗ್ರಿ ಮೇಲೆ ಅಂದರೆ ಚಿಂತೆಯಿಲ್ಲ. 30–40 ಅಂದರೆ ಒಮ್ಮೆ ತೊಳೆದು ಮತ್ತೆ ನೋಡಿ. 40 ದಾಟಿ ಅಲ್ಲೇ ನಿಂತರೆ ಏನೋ ಇದೆ. ಇದು ಕಂಪನಿಯ ಗೆರೆ ಅಲ್ಲ, ಅನುಭವದ್ದು. ನಿಮ್ಮದೇ ಗಾಡಿಯ ಹಳೆಯ ರೀಡಿಂಗ್ ಇದ್ದರೆ ಅದು ಇದಕ್ಕಿಂತ ಮೇಲು.

ಹಂತ 7: ಇಳಿಯುವುದನ್ನು ಅಳೆಯಿರಿ

ಇದನ್ನು ಎಲ್ಲರೂ ಮರೆಯುತ್ತಾರೆ. ನನಗೆ ಮಾತ್ರ ಏರಿನ ಸಂಖ್ಯೆಗಿಂತ ಇದರ ಮೇಲೇ ನಂಬಿಕೆ. ಏರು ಮುಗಿದು ರಸ್ತೆ ಸ್ವಲ್ಪ ಸಮ ಆದ ಕಡೆ ಕಾಲು ಹಗುರ ಮಾಡಿ, ಅದೇ 40–45 ವೇಗದಲ್ಲಿ ಹೋಗುತ್ತಿರಿ. ನಿಲ್ಲಿಸಬೇಡಿ. ಬಿಸಿ ಆರಂಭದ ವ್ಯತ್ಯಾಸಕ್ಕೆ ಮರಳಲು ಎಷ್ಟು ಸೆಕೆಂಡ್?

ಶುಭ್ರವಾದ ಇಂಟರ್‌ಕೂಲರ್ ಒಂದು ನಿಮಿಷದೊಳಗೆ ಬಹುಪಾಲು ಇಳಿಸುತ್ತದೆ. ಎರಡು ಮೂರು ನಿಮಿಷವಾದರೂ ಎಳೆದಾಡುತ್ತಿದ್ದರೆ ಫಿನ್‌ಗಳ ಮೂಲಕ ಗಾಳಿ ಹೋಗುತ್ತಿಲ್ಲ. ಈ ಪರೀಕ್ಷೆಯನ್ನು ಎರಡು ಸಲ ಮಾಡಿ. ಎರಡನೇ ಸಲ ಆರಂಭದ ಗೆರೆಯೇ ಮೇಲಕ್ಕೆ ಜರುಗಿದ್ದರೆ ಗಮನಿಸಬೇಕು.

ಗಾಡಿ ನಿಲ್ಲಿಸುವ ಮೊದಲು ಒಂದು ನಿಮಿಷ ಐಡಲ್ ಬಿಡಿ, ಟರ್ಬೋ ಬೇರಿಂಗ್‌ಗೆ ಒಳ್ಳೆಯದು.

ಹಂತ 8: ದಕ್ಷತೆಯ ಲೆಕ್ಕ

ಇದಕ್ಕೆ ಇಂಟರ್‌ಕೂಲರ್‌ಗೆ ಹೋಗುವ ಮುಂಚಿನ ಬಿಸಿಯೂ ಬೇಕು. ಬಹುತೇಕ ಗಾಡಿಗಳಲ್ಲಿ ಅಲ್ಲಿ ಸೆನ್ಸರ್ ಇರುವುದಿಲ್ಲ. ಥರ್ಮೋಕಪಲ್‌ನ ತುದಿ ಗಾಳಿಯೊಳಗೇ ಇರುವಂತೆ, ಹೋಸ್ ನಡುವೆ ಅಡಾಪ್ಟರ್ ಹಾಕಿಸಬೇಕು. ಪೈಪಿನ ಹೊರಗೆ ಟೇಪ್ ಸುತ್ತಿ ಇಟ್ಟರೆ ನಿಜಕ್ಕಿಂತ ಎಷ್ಟೋ ಕಮ್ಮಿ ತೋರಿಸುತ್ತದೆ. ತಂತಿ ಎಕ್ಸಾಸ್ಟ್ ಕಡೆಗೂ ಫ್ಯಾನ್ ಕಡೆಗೂ ಹೋಗದಂತೆ ಕಟ್ಟಿ.

ಲೆಕ್ಕ ಸುಲಭ. ಇಂಟರ್‌ಕೂಲರ್ ಎಷ್ಟು ಡಿಗ್ರಿ ಇಳಿಸಿತು ಅನ್ನುವುದನ್ನು, ಇಳಿಸಲು ಎಷ್ಟು ಸಾಧ್ಯವಿತ್ತು ಅನ್ನುವುದರಿಂದ ಭಾಗಿಸಿ.

ಉದಾಹರಣೆಗೆ ಹೊರಗಾಳಿ 27, ಒಳಹೋಗುವುದು 112, ಹೊರಬರುವುದು 49 ಅಂತಿರಲಿ. ಇಳಿಸಿದ್ದು 63. ಸಾಧ್ಯವಿದ್ದದ್ದು (112ರಿಂದ 27 ಕಳೆದು) 85. ಅಂದರೆ 74 ಪರ್ಸೆಂಟ್, ಕಂಪನಿಯ ಇಂಟರ್‌ಕೂಲರ್‌ಗೆ ಒಳ್ಳೆಯದೇ. ಒಳಹೋಗುವುದು 118, ಹೊರಬರುವುದು 68 ಆಗಿದ್ದರೆ 91ರಲ್ಲಿ 50, ಅಂದರೆ 55 ಪರ್ಸೆಂಟ್. 60ರ ಕೆಳಗೆ ಬಂದರೆ ನಾನು ಬಿಚ್ಚಿ ನೋಡುತ್ತೇನೆ. ಗಾಳಿಯಿಂದ ತಣಿಯುವ ಇಂಟರ್‌ಕೂಲರ್ 100ರ ಮೇಲೆ ತೋರಿಸಿದರೆ ಖುಷಿ ಪಡಬೇಡಿ. ಹೊರಗಾಳಿಗಿಂತ ತಣ್ಣಗೆ ಮಾಡಲು ಅದೇನು ಫ್ರಿಜ್ ಅಲ್ಲ, ನಿಮ್ಮ ಯಾವುದೋ ಸೆನ್ಸರ್ ತಪ್ಪಿದೆ.

ಎರಡು ಕಡೆ ಪ್ರೆಷರ್ ಗೇಜ್ ಹಾಕಲು ಸಾಧ್ಯವಾದರೆ ಒತ್ತಡ ಎಷ್ಟು ಬೀಳುತ್ತದೆ ಅನ್ನುವುದೂ ತಿಳಿಯುತ್ತದೆ. ಪೂರ್ತಿ ಭಾರದಲ್ಲಿ 1–2 ಪಿಎಸ್‌ಐ ಸಾಮಾನ್ಯ. 3 ದಾಟಿದರೆ ಒಳಗೆ ಎಣ್ಣೆ, ಮಸಿ ಕಟ್ಟಿರಬಹುದು.

ಗ್ರಾಫ್ ಓದುವ ಬಗೆ

ಬಿಸಿ ಮೊದಲ ಅರ್ಧ ನಿಮಿಷ ಏರಿ, ಆಮೇಲೆ ಸಮತಟ್ಟಾದರೆ ಆರೋಗ್ಯ.

ನಿಲ್ಲದೆ ಜೋಡುಪಾಲದಿಂದ ಮದೆನಾಡಿನವರೆಗೆ ಮೆಲ್ಲಗೆ ಏರುತ್ತಲೇ ಹೋದರೆ ಗಾಳಿಯ ಕೊರತೆ. ಕಸ, ಬಗ್ಗಿದ ಫಿನ್, ಕಾಣೆಯಾದ ಪ್ಲಾಸ್ಟಿಕ್ ಹಲಗೆ ಹುಡುಕಿ.

ತುಳಿದ ಕೂಡಲೇ ನೆಗೆದು, ಜೊತೆಗೆ ಒತ್ತಡ ಮೇಲೇರಲು ಒದ್ದಾಡುತ್ತಿದ್ದರೆ ಸೋರಿಕೆ. ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.

ಒತ್ತಡ, ಲೋಡ್ ಏನೇ ಆದರೂ ಬಿಸಿಯ ಗೆರೆ ಸೋಮಾರಿಯಂತೆ ಬಿದ್ದಿದ್ದರೆ ಸೆನ್ಸರ್ ಮೇಲೆ ಮಸಿ ಕೂತಿರಬಹುದು. ಡೀಸೆಲ್‌ನಲ್ಲಿ ಇದು ತೀರಾ ಮಾಮೂಲು. ಸೆನ್ಸರ್ ತೆಗೆದು ಕ್ಲೀನರ್ ಸ್ಪ್ರೇಯಿಂದ ತೊಳೆದು, ಒಣಗಿಸಿ ಹಾಕಿ. ತುದಿಗೆ ಬ್ರಷ್ ತಾಗಿಸಬೇಡಿ.

ನೀರಿನಿಂದ ತಣಿಯುವ ಇಂಟರ್‌ಕೂಲರ್ ಆದರೆ

ಕೆಲವು ಟರ್ಬೋ ಪೆಟ್ರೋಲ್ ಗಾಡಿಗಳಲ್ಲಿ, ಉದಾಹರಣೆಗೆ ಫೋಕ್ಸ್‌ವ್ಯಾಗನ್, ಸ್ಕೋಡಾಗಳ 1.0 ಟಿಎಸ್‌ಐನಲ್ಲಿ, ಇಂಟರ್‌ಕೂಲರ್ ಮ್ಯಾನಿಫೋಲ್ಡ್ ಒಳಗೇ ಇರುತ್ತದೆ. ಮುಂದೆ ಒಂದು ಸಣ್ಣ ರೇಡಿಯೇಟರ್, ನೀರು ಓಡಿಸಲು ಕರೆಂಟ್ ಪಂಪ್. ಬಿಸಿ ನಿಧಾನಕ್ಕೆ ಏರುತ್ತದೆ, ನಿಧಾನಕ್ಕೇ ಇಳಿಯುತ್ತದೆ. ಮೇಲೆ ಹೇಳಿದ ಒಂದು ನಿಮಿಷದ ಗೆರೆ ಇದಕ್ಕೆ ಅನ್ವಯಿಸಬೇಡಿ. ಏರು ಪೂರ್ತಿ ಹತ್ತಿ ಮುಗಿಸಿ, ಕೊನೆಗೆ ಎಲ್ಲಿ ನಿಲ್ಲುತ್ತದೆ ನೋಡಿ. ಬಿಸಿ ನಿಲ್ಲದೆ ಏರಿ ಕೂಲಂಟ್ ಬಿಸಿಯ ಕಡೆಗೇ ಹೋಗುತ್ತಿದ್ದರೆ ಆ ಪಂಪ್ ಸತ್ತಿರಬಹುದು, ಇಲ್ಲವೇ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಇತ್ತೀಚೆಗೆ ಕೂಲಂಟ್ ಬದಲಾಯಿಸಿದ್ದೀರಾ ಅಂತ ಮೊದಲು ನೆನಪಿಸಿಕೊಳ್ಳಿ. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ.

ಹಂತ 9: ಸರಿಮಾಡಿ, ಮತ್ತೆ ಅದೇ ರಸ್ತೆಗೆ

ತೊಳೆಯುವುದರಿಂದ ಶುರುಮಾಡಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರದಿಂದ ಹಿಡಿದರೆ ಫಿನ್‌ಗಳು ಕಾಗದದಂತೆ ಮಡಚಿಕೊಳ್ಳುತ್ತವೆ, ಆಮೇಲೆ ಗಾಳಿ ಹೋಗುವುದೇ ಇಲ್ಲ. ತೋಟದ ಪೈಪಿನ ಸಾಧಾರಣ ನೀರು, ಮೆತ್ತನೆ ಬ್ರಷ್ ಸಾಕು. ಆದರೆ ಹಿಂದಿನಿಂದ ಮುಂದಕ್ಕೆ ತೊಳೆಯಿರಿ, ಬಂದ ದಾರಿಯಲ್ಲೇ ಕಸ ಹೊರಡಲಿ. ಒಣಗಿದ ಕೆಸರಾದರೆ ಅರ್ಧ ಗಂಟೆ ನೆನೆಯಲು ಬಿಡಿ. ಆಮೇಲೆ ಹಲಗೆ, ಸ್ಪಂಜು ಪಟ್ಟಿ. ಆಮೇಲೆ ಹೋಸ್, ಕ್ಲಿಪ್. ದೊಡ್ಡ ಇಂಟರ್‌ಕೂಲರ್ ಕೊಳ್ಳುವ ಮಾತು ಇಷ್ಟೆಲ್ಲ ಆದ ಮೇಲೆ. ಟ್ಯೂನ್ ಮಾಡಿಸದ ಗಾಡಿಗೆ ಅದು ಬೇಕಾದದ್ದನ್ನು ನಾನಂತೂ ಹೆಚ್ಚು ಕಂಡಿಲ್ಲ.

ಒಂದೊಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಮತ್ತೆ ಅಳೆಯಿರಿ. ಅದೇ ರಸ್ತೆ, ಅದೇ ಗೇರ್, ಅಷ್ಟೇ ಜನ, ಹೊರಗಾಳಿ ಮೊದಲಿಗಿಂತ ಮೂರು ಡಿಗ್ರಿ ಆಚೀಚೆ. ಏಪ್ರಿಲ್ ಮಧ್ಯಾಹ್ನದ ರೀಡಿಂಗನ್ನು ಡಿಸೆಂಬರ್ ಬೆಳಗಿನ ರೀಡಿಂಗ್ ಪಕ್ಕ ಇಟ್ಟು ನನಗೆ ಕಳಿಸಬೇಡಿ. ಕಳಿಸುವುದಾದರೆ ಸ್ಕ್ರೀನ್‌ಶಾಟ್ ಬೇಡ, ಲಾಗ್ ಫೈಲ್ ಕಳಿಸಿ. ಜೊತೆಗೆ ನೋಟ್‌ಬುಕ್ಕಿನ ಪುಟದ ಫೋಟೋ: ಹೊರಗಾಳಿ ಎಷ್ಟಿತ್ತು, ಎಲ್ಲಿ, ಎಷ್ಟು ಗಂಟೆಗೆ.